ಗುಜರಿಗೆ ಹಾಕುವ ಮುಂಚೆ

ಕಂತಿನ ಮೇಲೆ ಹೊಸ ಲ್ಯಾಪ್‌ಟಾಪ್ ತಗೊಳ್ಳೋಕೆ ಹೊರಟಿದ್ದೀಯಂತೆ, ನಿಮ್ಮಮ್ಮ ಹೇಳಿದರು. ಸಹಿ ಹಾಕುವ ಮುಂಚೆ ಈ ಮಾತು ಕೇಳು ಮಗಳೇ. ನಿಮ್ಮಣ್ಣ ಬಿಟ್ಟುಹೋದ ಲ್ಯಾಪ್‌ಟಾಪ್ ಕೆಟ್ಟಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ಅದರಲ್ಲಿರುವ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿದರು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾಗಿರಬೇಕು. ಆ ಲ್ಯಾಪ್‌ಟಾಪ್‌ನಲ್ಲಿರೋದು ಆರನೆಯದು. ಪೀಣ್ಯದ ಶೆಡ್‌ಗಳಲ್ಲಿ ಹಳೇ ಲೇತ್‌ನ ಬೆಡ್ ಗ್ರೈಂಡ್ ಮಾಡಿಸಿ ಮತ್ತೆ ಕೆಲಸಕ್ಕೆ ಹಚ್ಚುವುದನ್ನು ನಿಮ್ಮಪ್ಪ ಕಂಡವರೇ. ಇದಕ್ಕೂ ಅಂಥದೊಂದು ಅವಕಾಶ ಕೊಡು, ವಿಂಡೋಸ್ ಬದಲು ಲಿನಕ್ಸ್ ಹಾಕಿ ನೋಡು.

ಲಿನಕ್ಸ್ ಅಂದರೆ ಇಂಜಿನಿಯರುಗಳಿಗೆ ಮಾತ್ರ ಅಂತ ಹೆದರಬೇಡ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಶುರುಮಾಡಿದ ಅದರ ತಿರುಳೇ (ಕರ್ನೆಲ್) ನಿನ್ನ ಆಂಡ್ರಾಯ್ಡ್ ಫೋನಿನೊಳಗೂ ಇದೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯೋದೇ ಲಿನಕ್ಸ್ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲೀತಾರೆ. ನಮ್ಮ ಬೆಂಗಳೂರಿನಲ್ಲೇ, ಗುರಪ್ಪನಪಾಳ್ಯದ ಹತ್ತಿರ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ, ಸ್ವತಂತ್ರ ತಂತ್ರಾಂಶ ಚಳವಳಿಯ ಹುಡುಗರು ಅಂಬೇಡ್ಕರ್ ಹೆಸರಲ್ಲಿ ಒಂದು ಕಂಪ್ಯೂಟರ್ ಕೇಂದ್ರ ನಡೆಸಿದರು. ದಾನವಾಗಿ ಬಂದ ಹಳೇ ಯಂತ್ರಗಳ ಮುಂದೆ ಕೂತ ಮಕ್ಕಳು ಗಿಂಪ್‌ನಲ್ಲಿ ಚಿತ್ರ ಬರೆಯುವಷ್ಟು ಕಲಿತರು. ಅವರಿಗೆ ಆದದ್ದು ನಿನಗೇಕಾಗದು?

ಮೊದಲು ಮಾಡಬೇಕಾದ್ದು ಫೋಟೋ, ಮಾರ್ಕ್ಸ್ ಕಾರ್ಡ್, ಕಡತಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳೋದು. ಮುಂದೆ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪೂರ್ತಿ ಅಳಿಸಲೇ ಎಂದು ಲಿನಕ್ಸ್ ಕೇಳುತ್ತೆ. ಹೂಂ ಅಂದರೆ ಮುಗೀತು, ಆಮೇಲೆ ಅತ್ತು ಪ್ರಯೋಜನವಿಲ್ಲ.

ಲಿನಕ್ಸ್‌ನಲ್ಲಿ ಬಗೆ ಹಲವು. ನಾಲ್ಕು ಜಿಬಿ ರ್‍ಯಾಮ್‌ನ ನಿನ್ನದಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ಮಿಂಟ್‌ನವರದೇ ತಾಣದಿಂದ ಐಎಸ್‌ಒ ಕಡತ ಇಳಿಸಿಕೊಂಡು, ರೂಫಸ್ ಅಥವಾ ಎಚರ್ ತಂತ್ರಾಂಶದಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತೆ, ನೆನಪಿರಲಿ. ಆನ್ ಮಾಡುವಾಗ ಡೆಲ್, ಲೆನೊವೊ ಆದರೆ ಸಾಮಾನ್ಯವಾಗಿ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸು. ಇದರಲ್ಲಿ ನನಗೆ ಬಹಳ ಹಿಡಿಸೋದು ಇದೇ: ಹಾರ್ಡ್ ಡಿಸ್ಕ್ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಇಡೀ ವ್ಯವಸ್ಥೆ ಓಡುತ್ತೆ. ವೈಫೈ, ಸದ್ದು, ಕ್ಯಾಮೆರಾ ಎಲ್ಲ ಪರೀಕ್ಷಿಸು. ಕೆಲವು ಹಳೇ ಬ್ರಾಡ್‌ಕಾಮ್ ವೈಫೈ ಕಾರ್ಡುಗಳು ಮೊಂಡು ಹಿಡಿಯುತ್ತವೆ. ಆಗ ಫೋನನ್ನು ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸಿ ಅದರ ಇಂಟರ್ನೆಟ್ ಹಂಚಿಕೊಂಡು, ಡ್ರೈವರ್ ಮ್ಯಾನೇಜರ್ ತೆರೆದು ನೋಡು. ಎಲ್ಲ ಸರಿಯಿದ್ದರೆ ಮಾತ್ರ ಇನ್‌ಸ್ಟಾಲ್‌ಗೆ ಕೈಹಾಕು.

ದುಡ್ಡು ಹಾಕೋದಿದ್ದರೆ ಎಸ್‌ಎಸ್‌ಡಿಗೆ ಹಾಕು. ಎಸ್‌ಪಿ ರಸ್ತೆಯಲ್ಲಿ ಸಿಗುತ್ತೆ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದರೆ ಬರುವ ವೇಗ ಬೇರಾವುದರಿಂದಲೂ ಬಾರದು. ತೆರೆದಾಗ ಫ್ಯಾನ್‌ನ ಧೂಳೂ ಊದಿಸಿಬಿಡು. ನಮ್ಮ ಮಾದನಾಯಕನಹಳ್ಳಿಯ ಲಾರಿ ಧೂಳು ಎಲ್ಲಿಗೂ ನುಗ್ಗುತ್ತೆ.

ಒಂದು ವಿಷಯ ಮುಚ್ಚಿಡಲ್ಲ. ನೀನು ಬಿಕಾಂ ಓದುವವಳು, ಟ್ಯಾಲಿ ಲಿನಕ್ಸ್‌ನಲ್ಲಿ ನೇರವಾಗಿ ಓಡಲ್ಲ. ಅದಕ್ಕೆ ಕಾಲೇಜಿನ ಲ್ಯಾಬ್ ಬಳಸು, ಇಲ್ಲವೇ ಡಿಸ್ಕ್‌ನಲ್ಲಿ ಜಾಗವಿದ್ದರೆ ವಿಂಡೋಸನ್ನೂ ಪಕ್ಕದಲ್ಲೇ ಉಳಿಸಿಕೊ. ಅಸೈನ್‌ಮೆಂಟು, ಲೆಕ್ಕದ ಹಾಳೆಗಳಿಗೆ ಲಿಬ್ರೆ ಆಫೀಸ್ ಧಾರಾಳ. ಕನ್ನಡ ಟೈಪ್ ಮಾಡೋಕೆ ಐಬಸ್‌ನಲ್ಲಿ ಕಗಪ ಕೀಲಿಮಣೆ ವಿನ್ಯಾಸ ಸೇರಿಸಿಕೊ, ನುಡಿ ತಂತ್ರಾಂಶದಲ್ಲಿ ಓಡಿದ ಬೆರಳು ಇಲ್ಲೂ ಓಡುತ್ತೆ. ಗುಬ್ಬಿ, ನವಿಲು ಅನ್ನೋ ಚೆಂದದ ಅಕ್ಷರಶೈಲಿಗಳೂ ಉಚಿತ.

ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜಿಗೇ ಹಾಕಬೇಡ, ತೆಗೆಸಿಬಿಡು. ಬೋರ್ಡೇ ಸುಟ್ಟಿದ್ದರೂ ರಸ್ತೆಬದಿಯ ಗುಜರಿಗೆ ಕೊಡೋದು ಬೇಡ. ತಾಮ್ರಕ್ಕಾಗಿ ವೈರು ಸುಡುವವರ ಕೈಗೆ ಹೋದರೆ ಆ ಹೊಗೆ ಕುಡಿಯುವವರೂ ನಮ್ಮಂಥವರೇ. ನಮ್ಮ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಿಂದ ಇ-ಪರಿಸರ ಅನ್ನುವ ಅಧಿಕೃತ ಇ-ತ್ಯಾಜ್ಯ ಘಟಕವಿದೆ.

ಭಾನುವಾರ ಬೆಳಗ್ಗೆ ಲ್ಯಾಪ್‌ಟಾಪು, ಚಾರ್ಜರು ಎರಡೂ ತಗೊಂಡು ನಮ್ಮನೆಗೆ ಬಾ. ಪೆನ್‌ಡ್ರೈವ್ ನನ್ನ ಹತ್ತಿರ ಇದೆ. ಕಾಪಿ ಮಾಡೋ ಕೆಲಸ ಮಾತ್ರ ಶನಿವಾರವೇ ಮುಗಿಸಿರು.