ಸುಟ್ಟ ಸುರುಳಿಯೂ ಹೂಳಿಟ್ಟ ಪುಸ್ತಕವೂ

(ಸಭೆಯಲ್ಲಿಯೂ ಮನೆಗಳಲ್ಲಿಯೂ ಓದಿ ಆಲೋಚಿಸತಕ್ಕ ಪಾಠ. ಮೊದಲು ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಿರಿ.)



ಮಳೆ ತಪ್ಪಿ ಬೆಳೆ ಒಣಗಿದಾಗಲೂ, ಸಾಲ ಕೊಟ್ಟವನು ಬಾಗಿಲಲ್ಲಿ ಬಂದು ನಿಂತಾಗಲೂ, ಮನೆಯಲ್ಲಿ ಒಬ್ಬರು ಬಹುಕಾಲ ಹಾಸಿಗೆ ಹಿಡಿದಾಗಲೂ, ನಮ್ಮ ನಂಬಿಕೆಯ ನಿಮಿತ್ತವಾಗಿ ನೆಂಟರು ಮುಖ ತಿರುಗಿಸಿದಾಗಲೂ ನಮ್ಮ ಮನೆಗಳಲ್ಲಿ ಮೊದಲು ನಿಂತುಹೋಗುವದು ಯಾವದೆಂದು ನಾವು ಎಂದಾದರೂ ವಿಚಾರಿಸಿದ್ದೇವೋ? ಹೊಲದ ಕೆಲಸ ನಿಲ್ಲುವದಿಲ್ಲ. ಸಂತೆಗೆ ಹೋಗುವದು ನಿಲ್ಲುವದಿಲ್ಲ. ಒಲೆಯ ಬೆಂಕಿಯೂ ಹೇಗೋ ಹತ್ತುತ್ತದೆ. ಆದರೆ ಸಾಯಂಕಾಲದಲ್ಲಿ ದೀಪ ಹಚ್ಚಿದ ಮೇಲೆ ಸತ್ಯವೇದವನ್ನು ತೆರೆದು ಓದುವ ವಾಡಿಕೆಯು ಸದ್ದಿಲ್ಲದೆ ನಿಂತುಹೋಗುತ್ತದೆ. ಕಷ್ಟ ತೀರಿದ ಮೇಲೆ ಓದೋಣ, ಈಗ ಮನಸ್ಸು ನಿಲ್ಲುವದಿಲ್ಲ ಎಂದು ನಾವು ಹೇಳಿಕೊಳ್ಳುತ್ತೇವೆ. ದೇವರ ವಾಕ್ಯವು ಸುಖದ ದಿನಗಳಿಗೆ ತಕ್ಕದ್ದೆಂದೂ ಕಷ್ಟದ ದಿನಗಳಲ್ಲಿ ಬದಿಗಿಡತಕ್ಕದ್ದೆಂದೂ ನಾವು ಬಾಯಿಂದ ಹೇಳುವದಿಲ್ಲವಾದರೂ ನಡತೆಯಿಂದ ಹೇಳುತ್ತೇವೆ. ಇದು ಸರಿಯೋ? ಈ ತಿಂಗಳ ಪಾಠದಲ್ಲಿ ಇದನ್ನೇ ಆಲೋಚಿಸೋಣ.

1. ಅರಸನ ಬೆಂಕಿ

ಯೆಹೋಯಾಕೀಮನು ಯೆಹೂದದ ಅರಸನಾಗಿದ್ದ ಕಾಲದಲ್ಲಿ ಯೆರೆಮೀಯನು ದೇವರಿಂದ ಹೊಂದಿದ ಮಾತುಗಳನ್ನು ಬಾಯಿಂದ ಹೇಳುತ್ತಾ ಹೋಗಲು, ಬಾರೂಕನು ಅವುಗಳನ್ನು ಸುರುಳಿಯಲ್ಲಿ ಬರೆದನು. ಯೆರೆಮೀಯನಿಗೆ ದೇವಾಲಯಕ್ಕೆ ಹೋಗಲು ಅಡ್ಡಿಯಿದ್ದ ಕಾರಣ ಬಾರೂಕನೇ ಉಪವಾಸದ ದಿನದಲ್ಲಿ ಅಲ್ಲಿಗೆ ಹೋಗಿ ಜನರೆಲ್ಲರೂ ಕೇಳುವ ಹಾಗೆ ಅದನ್ನು ಓದಿದನು. ಸಂಗತಿಯು ಅರಸನ ಕಿವಿಗೆ ಬಿತ್ತು. ಅದು ಒಂಬತ್ತನೆಯ ತಿಂಗಳು, ಚಳಿಯ ಕಾಲ. ಅರಸನು ತನ್ನ ಚಳಿಗಾಲದ ಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದನು. ಮೂರು ನಾಲ್ಕು ಅಂಕಣಗಳನ್ನು ಓದಿದ ಕೂಡಲೇ ಅರಸನು ಚೂರಿಯಿಂದ ಆ ಭಾಗವನ್ನು ಕತ್ತರಿಸಿ ಬೆಂಕಿಗೆ ಹಾಕಿದನು. ಹೀಗೆಯೇ ಮಾಡುತ್ತಾ ಸುರುಳಿಯೆಲ್ಲವನ್ನೂ ಸುಟ್ಟುಬಿಟ್ಟನು. ಬೇಡವೆಂದು ಬೇಡಿಕೊಂಡ ಮೂವರ ಮಾತನ್ನೂ ಕೇಳಲಿಲ್ಲ.

ಅರಸನು ಕೆಲಸ ಮುಗಿಯಿತೆಂದು ನೆನಸಿದನು. ಆದರೆ ಮುಗಿಯಲಿಲ್ಲ. ಯಾಕಂದರೆ ಆ ಮಾತುಗಳು ಚರ್ಮದ ಮೇಲೆಯೋ ಕಾಗದದ ಮೇಲೆಯೋ ಮಾತ್ರ ಇದ್ದಿಲ್ಲ; ಅವು ಯೆರೆಮೀಯನ ಹೃದಯದಲ್ಲಿ ಇದ್ದವು. ಅವನು ಮತ್ತೊಂದು ಸುರುಳಿಯನ್ನು ತೆಗೆದುಕೊಂಡು ಬಾರೂಕನ ಕೈಯಿಂದ ಅವೆಲ್ಲವನ್ನೂ ತಿರಿಗಿ ಬರೆಯಿಸಿದನು. ಮೊದಲಿನ ಸುರುಳಿಗಿಂತ ಎರಡನೆಯದು ದೊಡ್ಡದಾಯಿತು. ಸುಡುವವನ ಕೈ ಮುಟ್ಟಲಾರದ ಸ್ಥಳವೊಂದು ಉಂಟು. ದೇವರ ವಾಕ್ಯವು ಆ ಸ್ಥಳದಲ್ಲಿ ಮೊದಲೇ ಸೇರಿರಬೇಕು; ಬೆಂಕಿ ಹತ್ತಿದ ಮೇಲೆ ಸೇರಿಸುವೆನೆಂದರೆ ಆಗುವದಿಲ್ಲ. ಇದೇ ಈ ಪಾಠದ ಸಾರವು.

2. ಮಡಗಾಸ್ಕರ್ ದ್ವೀಪದ ಸಭೆ

ಇದು ಪೂರ್ವಕಾಲದ ಪ್ರವಾದಿಗಳಿಗೆ ಮಾತ್ರ ಸಂಬಂಧಪಟ್ಟ ಸಂಗತಿಯೆಂದು ಯಾರೂ ಹೇಳದ ಹಾಗೆ, ನಮ್ಮಂಥ ಹೊಸ ವಿಶ್ವಾಸಿಗಳ ಚರಿತ್ರೆಯೊಂದನ್ನು ಇಲ್ಲಿ ಬರೆಯುತ್ತೇವೆ. ಆಫ್ರಿಕ ಖಂಡದ ಪೂರ್ವದಿಕ್ಕಿನಲ್ಲಿ ಹಿಂದೂ ಮಹಾಸಾಗರದ ನಡುವೆ ಮಡಗಾಸ್ಕರ್ ಎಂಬ ದೊಡ್ಡ ದ್ವೀಪವಿದೆ. ನಮ್ಮ ಬಳ್ಳಾರಿಗೆ 1810ರಲ್ಲಿ ಜಾನ್ ಹ್ಯಾಂಡ್ಸ್ ಎಂಬವರನ್ನು ಕಳುಹಿಸಿದ ಲಂಡನ್ ಮಿಷನ್ ಸಂಘವೇ 1818ರಲ್ಲಿ ಆ ದ್ವೀಪಕ್ಕೂ ಡೇವಿಡ್ ಜೋನ್ಸ್, ಥಾಮಸ್ ಬೆವನ್ ಎಂಬ ಇಬ್ಬರನ್ನು ಕಳುಹಿಸಿತು. ಜ್ವರದಿಂದ ಬೆವನನೂ ಇಬ್ಬರ ಹೆಂಡಂದಿರೂ ಮಕ್ಕಳೂ ಕೆಲವೇ ತಿಂಗಳಲ್ಲಿ ತೀರಿಹೋದರು. ಜೋನ್ಸ್ ಒಬ್ಬನೇ ಉಳಿದನು. ಆದರೂ ಅವನು 1820ರಲ್ಲಿ ರಾಜಧಾನಿಯಾದ ಅಂತಾನನರಿವೋಗೆ ಹೋಗಿ ಪಾಠಶಾಲೆಯನ್ನು ತೆರೆದನು. ಒಂದನೆಯ ರಾದಾಮ ಅರಸನು ತಾನು ಕ್ರೈಸ್ತನಾಗದಿದ್ದರೂ ತನ್ನ ಜನರು ಓದುಬರಹ ಕಲಿಯಬೇಕೆಂದು ಬಯಸಿದ್ದನು. 1830ರಲ್ಲಿ ಹೊಸ ಒಡಂಬಡಿಕೆಯು ಮಲಗಾಸಿ ಭಾಷೆಯಲ್ಲಿ ಅಚ್ಚಾಯಿತು. ನಮ್ಮ ಕನ್ನಡದಲ್ಲಿ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಪ್ರಯಾಸದಿಂದ ಸತ್ಯವೇದವೆಲ್ಲವೂ ಅಚ್ಚಾಗಿ ಮುಗಿದದ್ದು ಸಹ 1831ರ ಸುಮಾರಿಗೆ. ಹೀಗೆ ಆ ಸಭೆಯೂ ನಮ್ಮ ನಾಡಿನ ಸಭೆಯೂ ಬಹು ಮಟ್ಟಿಗೆ ಒಂದೇ ಕಾಲದಲ್ಲಿ ಒಂದೇ ಪುಸ್ತಕವನ್ನು ತಮ್ಮ ತಮ್ಮ ಮಾತಿನಲ್ಲಿ ಓದಲಾರಂಭಿಸಿದವು.

ರಾದಾಮನು 1828ರಲ್ಲಿ ಸಾಯಲು ಅವನ ಪತ್ನಿಯಾದ ಒಂದನೆಯ ರಾನವಲೋನಳು ಪಟ್ಟಕ್ಕೆ ಬಂದಳು. ಈ ಹೊಸ ಮಾರ್ಗದಿಂದ ಪಿತೃಗಳ ಪದ್ಧತಿಯೂ ರಾಜ್ಯದ ಕಟ್ಟಳೆಯೂ ಅಳಿದು, ದೇಶವು ಪರದೇಶಸ್ಥರ ಕೈವಶವಾದೀತೆಂದು ಅವಳು ಭಯಪಟ್ಟಳು. 1835ನೆಯ ಮಾರ್ಚ್ 1ನೆಯ ತಾರೀಖಿನಲ್ಲಿ ಮಹಾಜನವನ್ನು ಕೂಡಿಸಿ, ತನ್ನ ಪ್ರಜೆಗಳಲ್ಲಿ ಯಾರೂ ಕ್ರಿಸ್ತನ ಮಾರ್ಗವನ್ನು ಹಿಡಿಯಬಾರದೆಂದೂ ಪುಸ್ತಕಗಳನ್ನು ಒಪ್ಪಿಸಬೇಕೆಂದೂ ಸಾರಿಸಿದಳು. ಆಗ ಸತ್ಯವೇದದ ಅಚ್ಚಿನ ಕೆಲಸವು ಇನ್ನೂ ಮುಗಿದಿದ್ದಿಲ್ಲ. ಅಚ್ಚುಕೂಟದ ಆಳುಗಳು ಬರಲಾರದೆ ಹೋದರು. ಮಿಷನೆರಿಗಳೇ ಮೊಳೆ ಜೋಡಿಸಿ, ಯಂತ್ರ ನಡಿಸಿ, ಅದೇ ವರುಷದಲ್ಲಿ ಅದನ್ನು ಪೂರ್ತಿ ಮಾಡಿದರು. 1836ರಲ್ಲಿ ಕಡೆಯ ಮಿಷನೆರಿಗಳೂ ದ್ವೀಪವನ್ನು ಬಿಡಬೇಕಾಯಿತು. ಹೋಗುವಾಗ ಅವರು ಸಭೆಗೆ ಬಿಟ್ಟುಹೋದದ್ದು ಹಣವೂ ಅಲ್ಲ, ಕಟ್ಟಡವೂ ಅಲ್ಲ. ಕೆಲವು ಸತ್ಯವೇದಗಳು ಮಾತ್ರ.

ಆ ಪುಸ್ತಕಗಳನ್ನು ವಿಶ್ವಾಸಿಗಳು ನೆಲದಲ್ಲಿ ಹೂಳಿಟ್ಟರು, ಗುಹೆಗಳಲ್ಲಿ ಅಡಗಿಸಿದರು, ಹಂಚಿಕೊಳ್ಳುವದಕ್ಕಾಗಿ ಒಂದು ಪುಸ್ತಕವನ್ನು ಬಿಡಿಸಿ ಹಲವು ಭಾಗ ಮಾಡಿದರು. ರಾತ್ರಿಯ ಹೊತ್ತಿನಲ್ಲಿ ಮನೆಯೊಳಗಾಗಲಿ ಬೆಟ್ಟದ ಮೇಲಾಗಲಿ ಕೂಡಿ ತಗ್ಗಿದ ಧ್ವನಿಯಿಂದ ಓದಿದರು. ಓದು ಬಲ್ಲವನು ಬಾರದವರಿಗೆ ಓದಿ ಹೇಳಿದನು. ಕೇಳಿದವರು ಬಾಯಿಪಾಠ ಮಾಡಿಕೊಂಡರು. ಸುಮಾರು 20 ವರುಷಗಳ ತರುವಾಯ ಅಲ್ಲಿಗೆ ಹೋದ ವಿಲಿಯಂ ಎಲ್ಲಿಸ್ ಎಂಬ ಮಿಷನೆರಿಯು ಅಂಚು ಹರಿದು, ಕೈ ತಗಲಿ ಕಪ್ಪಾಗಿ, ಹೊಲಿದು ಸೇರಿಸಿದ ಹಾಳೆಗಳನ್ನು ಕಂಡನು. ಹಾಗೆ ಸವೆದದ್ದು ಅವುಗಳನ್ನು ಓದಿದ್ದರಿಂದಲೇ.

ಈ ವಾಕ್ಯವು ಅವರನ್ನು ಮರಣದಿಂದ ತಪ್ಪಿಸಿತೋ ಎಂದು ಯಾರಾದರೂ ಕೇಳಿದರೆ, ಎಲ್ಲರನ್ನೂ ತಪ್ಪಿಸಲಿಲ್ಲವೆಂದು ನಾವು ಸತ್ಯವಾಗಿ ಹೇಳಬೇಕು. ರಸಲಾಮಾ ಎಂಬ ಸ್ತ್ರೀಯನ್ನು 1837ನೆಯ ಆಗಸ್ಟ್ ತಿಂಗಳಲ್ಲಿ ಅಂಬೋಹಿಪೋಟ್ಸಿ ಎಂಬ ಸ್ಥಳದಲ್ಲಿ, ಮೊಣಕಾಲೂರಿ ಪ್ರಾರ್ಥಿಸುತ್ತಿರುವಾಗಲೇ, ಈಟಿಯಿಂದ ತಿವಿದು ಕೊಂದರು. ಆ ದ್ವೀಪದಲ್ಲಿ ನಂಬಿಕೆಗಾಗಿ ಪ್ರಾಣಕೊಟ್ಟವರಲ್ಲಿ ಆಕೆಯೇ ಮೊದಲನೆಯವಳು. 1849ನೆಯ ಮಾರ್ಚ್ 28ರಲ್ಲಿ 18 ಮಂದಿಯನ್ನು ಕೊಂದರು. ಅವರಲ್ಲಿ 14 ಮಂದಿಯನ್ನು ಕಡಿದಾದ ಬಂಡೆಯಿಂದ ಕೆಳಕ್ಕೆ ಕೆಡವಿ, ಉನ್ನತ ಕುಲದವರಾದ ನಾಲ್ವರನ್ನು ಸುಟ್ಟರು. ದಂಡ ತೆತ್ತವರೂ, ಪದವಿ ಕಳಕೊಂಡವರೂ, ಸಂಕೋಲೆಯಲ್ಲಿ ಸವೆದವರೂ ಬಹು ಜನ. ಭಯದಿಂದ ನಂಬಿಕೆಯನ್ನು ಅಲ್ಲಗಳೆದವರೂ ಇದ್ದರು. ಅದನ್ನು ಮರೆಮಾಡುವದು ನ್ಯಾಯವಲ್ಲ. ಪೇತ್ರನು ಸಹ ಮೂರು ಸಾರಿ ಅಲ್ಲಗಳೆದನಲ್ಲವೇ? ಬಿದ್ದವರನ್ನು ಹಂಗಿಸುವದು ನಮ್ಮ ಕೆಲಸವಲ್ಲ, ಎಬ್ಬಿಸುವದೇ ನಮ್ಮ ಕೆಲಸ.

ರಾಣಿಯು 1861ರಲ್ಲಿ ತೀರಿಹೋದಳು. ಬಾಗಿಲು ತೆರೆದಾಗ ಕಂಡದ್ದೇನು? ಮಿಷನೆರಿಗಳು ಬಿಟ್ಟುಹೋಗುವಾಗ ಕೆಲವು ನೂರು ಮಂದಿಯಿದ್ದ ಸಭೆಯು, ಬೋಧಕನಿಲ್ಲದೆ 25 ವರುಷ ಕಳೆದ ಮೇಲೆ, ಕೆಲವು ಸಾವಿರ ಮಂದಿಯಾಗಿ ಹೊರಗೆ ಬಂತು. ಎರಡನೆಯ ಸುರುಳಿಯು ಮೊದಲನೆಯದಕ್ಕಿಂತ ದೊಡ್ಡದಾಯಿತು. ಆಮೇಲೆ ಪಟ್ಟಕ್ಕೆ ಬಂದ ಎರಡನೆಯ ರಾನವಲೋನ ರಾಣಿಯು 1869ರಲ್ಲಿ ತಾನೇ ದೀಕ್ಷಾಸ್ನಾನ ಹೊಂದಿದಳು. ಆಗ ಅರಮನೆಯನ್ನು ನೋಡಿ ಹಿಂಬಾಲಿಸಿದವರು ಅಸಂಖ್ಯಾತರು. ಅವರಲ್ಲಿ ವಾಕ್ಯವನ್ನರಿತವರು ಕೊಂಚ. ಸುಖಕಾಲವೂ ಒಂದು ಶೋಧನೆಯೇ ಎಂಬದನ್ನು ಇದರಿಂದ ತಿಳಿದುಕೊಳ್ಳಬೇಕು.

3. ನಮ್ಮ ನಾಡಿನಲ್ಲಿ

ಬೋಧಕರನ್ನು ಕಳಕೊಳ್ಳುವ ಕಷ್ಟವನ್ನು ನಮ್ಮ ಹಿರಿಯರೂ ಕಂಡಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕರಾವಳಿಯಲ್ಲಿಯೂ ಧಾರವಾಡ ಸೀಮೆಯಲ್ಲಿಯೂ ಸಭೆಗಳನ್ನು ಕಟ್ಟಿತ್ತು. 1914ರಲ್ಲಿ ಮಹಾಯುದ್ಧವು ಆರಂಭವಾಗಲು ಜರ್ಮನ್ ಮಿಷನೆರಿಗಳನ್ನು ಸರಕಾರವು ಬಂಧನದಲ್ಲಿಟ್ಟು ತರುವಾಯ ದೇಶದಿಂದ ಹೊರಡಿಸಿತು. ಅನೇಕರ ಅನ್ನಕ್ಕೆ ಆಧಾರವಾಗಿದ್ದ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ತಂದೆಯಿಲ್ಲದ ಮಕ್ಕಳಂತೆ ಆದೆವೆಂದು ಸಭೆಯವರು ಕಳವಳಪಟ್ಟಿರಬಹುದು. ಆದರೂ ಆ ಸಭೆಗಳು ಅಳಿಯಲಿಲ್ಲ. ಊರಿನ ಬೋಧಕರೂ ಉಪದೇಶಿಗಳೂ ಹಿರಿಯರೂ ಭಾರವನ್ನು ಹೊತ್ತರು. ಮಿಷನೆರಿಯು ಹೊರಟುಹೋಗಬಹುದು, ಕಾರ್ಖಾನೆಯು ಮಾರಿಹೋಗಬಹುದು. ಕನ್ನಡದಲ್ಲಿದ್ದ ಸತ್ಯವೇದವು ಮಾತ್ರ ಯಾವ ಹಡಗನ್ನೂ ಹತ್ತಲಿಲ್ಲ.

4. ನಮಗೆ ಇದರಿಂದಾಗುವ ಬೋಧನೆ

ನಮ್ಮ ಅನೇಕ ಮನೆಗಳಲ್ಲಿ ಸತ್ಯವೇದವನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಗೂಡಿನ ಮೇಲೆಯೋ ಪೆಟ್ಟಿಗೆಯೊಳಗೋ ಇಡುವ ವಾಡಿಕೆಯುಂಟು. ಗೌರವಕ್ಕಾಗಿ ಹೀಗೆ ಇಡುತ್ತೇವೆ, ಅದು ತಪ್ಪಲ್ಲ. ಆದರೆ ಮಡಗಾಸ್ಕರಿನವರು ಓದುವದಕ್ಕಾಗಿ ಹೂಳಿಟ್ಟರು. ನಾವು ಓದದೆ ಹೂಳಿಟ್ಟಿದ್ದೇವೆ. ಅವರ ಪುಸ್ತಕವು ಕೈ ತಗಲಿ ಸವೆಯಿತು. ನಮ್ಮದು ಹುಳ ತಿಂದು ಸವೆಯುತ್ತದೆ. ಕೆಲವರು ರೋಗಿಯ ತಲೆದಿಂಬಿನ ಕೆಳಗೆ ಅದನ್ನಿಟ್ಟು, ಓದದೆಯೇ ಫಲ ಬಂದೀತೆಂದು ಕಾಯುತ್ತಾರೆ. ಇದು ತಾಯಿತ ಕಟ್ಟಿದ ಹಾಗೆಯೇ ಹೊರತು ನಂಬಿಕೆಯಲ್ಲ. ವೈದ್ಯನ ಬಳಿಗೆ ರೋಗಿಯನ್ನು ಕರಕೊಂಡು ಹೋಗಿರಿ, ಹಾಸಿಗೆಯ ಬಳಿಯಲ್ಲಿ ಕೂತು ವಾಕ್ಯವನ್ನು ಓದಿರಿ, ಎರಡನ್ನೂ ಮಾಡಿರಿ.

ಆದಕಾರಣ ಈ ಕೆಳಗಿನ ಕೆಲಸಗಳನ್ನು ಈ ತಿಂಗಳಲ್ಲಿಯೇ ಆರಂಭಿಸೋಣ.

ಮೊದಲನೆಯದು: ಪ್ರತಿದಿನ ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ, ಮನೆಯವರೆಲ್ಲರೂ ಕೂಡಿ ಕೆಲವು ವಚನಗಳನ್ನಾದರೂ ಗಟ್ಟಿಯಾಗಿ ಓದಬೇಕು. ದಣಿದ ದಿನ ಎರಡೇ ವಚನ ಸಾಕು. ಓದದ ದಿನ ಮಾತ್ರ ಇರಬಾರದು.

ಎರಡನೆಯದು: ಬಾಯಿಪಾಠ ಮಾಡಬೇಕು. 23, 46, 121ನೆಯ ಕೀರ್ತನೆಗಳಿಂದ ಆರಂಭಿಸಿ, ಯೋಹಾನನ ಸುವಾರ್ತೆಯ 14ನೆಯ ಅಧ್ಯಾಯಕ್ಕೂ ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯಕ್ಕೂ ಹೋಗಬಹುದು. ಬೀಜವನ್ನು ಮಳೆಗೆ ಮುಂಚೆಯೇ ಕೂಡಿಸಿಡುವ ರೈತನಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಮೂರನೆಯದು: ಓದು ಬಾರದ ಹಿರಿಯರ ಮನೆಗೆ ಓದು ಬಲ್ಲ ಹುಡುಗನೋ ಹುಡುಗಿಯೋ ವಾರಕ್ಕೆ ಎರಡಾವರ್ತಿ ಹೋಗಿ ಓದಿ ಹೇಳಬೇಕು. ಇದರಿಂದ ಮುದುಕರಿಗೆ ಆದರಣೆಯೂ ಮಕ್ಕಳಿಗೆ ಅಭ್ಯಾಸವೂ ಆಗುವದು.

ನಾಲ್ಕನೆಯದು: ಬೋಧಕರು ಬಾರದ ಭಾನುವಾರದಲ್ಲಿ ಆರಾಧನೆಯನ್ನು ನಿಲ್ಲಿಸಬಾರದು. ಇಬ್ಬರು ಮೂವರು ಕೂಡಿದರೂ ಒಂದು ಅಧ್ಯಾಯವನ್ನೋದಿ ಪ್ರಾರ್ಥಿಸಿ ಹೋಗಿರಿ. ರಾಣಿಯ ಈಟಿಗೆ ನಿಲ್ಲದ ಕೂಟವು ನಮ್ಮಲ್ಲಿ ಬೋಧಕರ ಬಸ್ಸು ತಪ್ಪಿದ್ದಕ್ಕೆ ನಿಲ್ಲಬಾರದು.

ಐದನೆಯದು: ನಮಗೆ ಕೇಡು ಮಾಡಿದವರನ್ನು ದ್ವೇಷಿಸಬಾರದು. ಹಗೆಯು ಹೃದಯದಲ್ಲಿ ಸ್ಥಳ ಹಿಡಿದರೆ ವಾಕ್ಯಕ್ಕೆ ಅಲ್ಲಿ ಸ್ಥಳ ಉಳಿಯುವದಿಲ್ಲ.

ಪ್ರಿಯರೇ, ಕಷ್ಟವು ನಮಗೆ ತಪ್ಪುವದೆಂದು ನಾವು ವಾಗ್ದಾನ ಮಾಡಲಾರೆವು. ನಮ್ಮ ಕರ್ತನೂ ತನ್ನ ಶಿಷ್ಯರಿಗೆ ಹಾಗೆ ಹೇಳಲಿಲ್ಲ. ಬರಗಾಲವು ಬೆಳೆಯನ್ನು ತಿನ್ನಬಹುದು, ಸಾಲವು ಹೊಲವನ್ನು ತಿನ್ನಬಹುದು, ರೋಗವು ಶರೀರವನ್ನು ತಿನ್ನಬಹುದು. ಹೃದಯದಲ್ಲಿ ಬರೆದದ್ದನ್ನು ತಿನ್ನುವ ಶಕ್ತಿಯು ಇವುಗಳಲ್ಲಿ ಯಾವದಕ್ಕೂ ಇಲ್ಲ. ಆದರೆ ಅದನ್ನು ಬರೆಯುವ ಹೊತ್ತು ಈಗಲೇ, ಇನ್ನೂ ದೀಪದಲ್ಲಿ ಎಣ್ಣೆಯಿದ್ದು ಕಣ್ಣಲ್ಲಿ ಬೆಳಕಿರುವಾಗಲೇ. ಈ ಹೊತ್ತು ಸಾಯಂಕಾಲ ಆ ಬಟ್ಟೆಯ ಗಂಟನ್ನು ಬಿಚ್ಚೋಣ.

ಕೂಟಗಳಲ್ಲಿ ಕೇಳತಕ್ಕ ಪ್ರಶ್ನೆಗಳು

1. ಸುರುಳಿಯು ಸುಟ್ಟುಹೋದರೂ ಯೆರೆಮೀಯನು ಅದನ್ನು ತಿರಿಗಿ ಬರೆಯಿಸಲು ಹೇಗೆ ಶಕ್ತನಾದನು?

2. ಮಡಗಾಸ್ಕರಿನ ಸಭೆಯು ಬೋಧಕರಿಲ್ಲದ 25 ವರುಷ ಯಾವದರಿಂದ ಬದುಕಿತು?

3. ಕಳೆದ ಕಷ್ಟಕಾಲದಲ್ಲಿ ನಮ್ಮ ಮನೆಯಲ್ಲಿ ಮೊದಲು ನಿಂತುಹೋದದ್ದು ಯಾವದು? ಅದು ತಿರಿಗಿ ಆರಂಭವಾಗಿದೆಯೋ?

4. ಸತ್ಯವೇದವು ನಾಳೆ ನಮ್ಮ ಕೈತಪ್ಪಿ ಹೋದರೆ, ಅದರಲ್ಲಿ ಎಷ್ಟು ಭಾಗವನ್ನು ನಾವು ನಮ್ಮ ಮಕ್ಕಳಿಗೆ ಬಾಯಿಂದ ಹೇಳಿಕೊಡಬಲ್ಲೆವು?

ಪ್ರಾರ್ಥನೆ: ಕರ್ತನೇ, ನಿನ್ನ ವಾಕ್ಯವನ್ನು ನಮ್ಮ ಕೈಯಲ್ಲಿ ಕೊಟ್ಟಿದ್ದೀ, ಅದನ್ನು ನಮ್ಮ ಹೃದಯದೊಳಗೂ ಸೇರಿಸು. ಬಿದ್ದವರನ್ನು ಎಬ್ಬಿಸು, ಕಷ್ಟದಲ್ಲಿರುವವರನ್ನು ಆದರಿಸು. ನಮಗೆ ಕೇಡು ಮಾಡಿದವರಿಗೆ ಒಳ್ಳೇದನ್ನು ಮಾಡು. ಆಮೆನ್.