ಮಕ್ಕಳ ಪುಸ್ತಕ ಪ್ರಕಾಶನ: ಚಿತ್ರಕಾರರ ಆಯ್ಕೆ, ಸಂಭಾವನೆ ಮತ್ತು ಕರಾರು

ಬೆಲ್ಲ, ಸಕ್ಕರೆ, ಭತ್ತಗಳ ವಹಿವಾಟಿಗೆ ಹೆಸರಾದ ಮಂಡ್ಯ ಜಿಲ್ಲೆಯಲ್ಲಿ ಪುಸ್ತಕವೂ ಒಂದು ಸರಕೆಂಬುದನ್ನು ವರ್ತಕರು ಮರೆಯುವುದುಂಟು. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಜರುಗಿತು. ಇಂತಹ ಊರಿನಲ್ಲಿ, ಅಥವಾ ಮದ್ದೂರು, ಮಳವಳ್ಳಿಗಳಲ್ಲಿ, ಸಣ್ಣ ಬಂಡವಾಳದಿಂದ ಮಕ್ಕಳ ಪುಸ್ತಕ ಪ್ರಕಟಿಸಬಯಸುವವರು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಚಿತ್ರಕಾರರದು. ಮಗು ಅಕ್ಷರಕ್ಕಿಂತ ಮೊದಲು ಚಿತ್ರವನ್ನು ಓದುತ್ತದೆ. ಆದರೂ ಚಿತ್ರದ ವ್ಯವಹಾರ ಬಹುಮಟ್ಟಿಗೆ ಬಾಯಿಮಾತಿನಲ್ಲೇ ಮುಗಿಯುತ್ತದೆ. ಎರಡನೆಯ ಮುದ್ರಣದ ಹೊತ್ತಿಗೆ ವ್ಯಾಜ್ಯ ತಲೆದೋರುತ್ತದೆ.

ಎರಡು ಪದ್ಧತಿಗಳು

1947ರಲ್ಲಿ ಆರಂಭವಾದ ‘ಚಂದಮಾಮ’ ಮಾಸಪತ್ರಿಕೆಯಲ್ಲಿ ಶಂಕರ್ ಅವರಂತಹ ಚಿತ್ರಕಾರರು ಸಂಬಳದ ಮೇಲೆ ದುಡಿಯುತ್ತಿದ್ದರು. ಇಂದಿನ ಸಣ್ಣ ಪ್ರಕಾಶಕರಿಗೆ ಅದು ನಿಲುಕದ ಮಾತು. ಪುಸ್ತಕವೊಂದಕ್ಕೆ ಇಂತಿಷ್ಟೆಂದು ಸ್ವತಂತ್ರ ಕಲಾವಿದರಿಂದ ಚಿತ್ರ ಬರೆಯಿಸುವುದೇ ಈಗಿನ ರೂಢಿ. ಈ ಎರಡರ ನಡುವಿನ ವ್ಯತ್ಯಾಸವು ಸಂಬಳಕ್ಕೆ ಮಾತ್ರವಲ್ಲದೆ ಹಕ್ಕಿಗೂ ಸಂಬಂಧಿಸಿದ್ದು.

ಹುಡುಕುವುದೆಲ್ಲಿ?

1. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು (ಕಾವಾ), ಬೆಂಗಳೂರಿನ ಚಿತ್ರಕಲಾ ಪರಿಷತ್ತು ಹಾಗೂ ಕೆನ್ ಕಲಾಶಾಲೆಗಳಲ್ಲಿ ಕಲಿತವರು.

2. ಕನ್ನಡ ಪುಸ್ತಕ ಪ್ರಾಧಿಕಾರವು ನೀಡುವ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮಕ್ಕಳ ಪುಸ್ತಕಕ್ಕೂ ಮುಖಪುಟಕ್ಕೂ ಸ್ಥಾನವಿದೆ. ಬಹುಮಾನಿತ ಪುಸ್ತಕಗಳಲ್ಲಿ ಕಲಾವಿದರ ಹೆಸರನ್ನು ನೋಡಿ ಗುರುತು ಹಾಕಿಕೊಳ್ಳಬಹುದು.

3. 2004ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಪ್ರತಿ ಪುಸ್ತಕದೊಡನೆ ಚಿತ್ರಕಾರರ ಹೆಸರಿರುತ್ತದೆ.

4. ಸ್ಥಳೀಯ ಶಾಲೆಗಳ ಚಿತ್ರಕಲಾ ಶಿಕ್ಷಕರು. ಮಕ್ಕಳ ನೋಟವನ್ನು ಇವರಷ್ಟು ಬಲ್ಲವರು ವಿರಳ.

ಪರೀಕ್ಷಿಸುವ ಬಗೆ

ಒಂದು ಸುಂದರ ಚಿತ್ರವನ್ನು ಕಂಡು ಮಾರುಹೋಗಬಾರದು. ಕಥೆಯ ಎರಡು ಪುಟಗಳನ್ನು ಕೊಟ್ಟು, ಹಣ ತೆತ್ತು, ಮಾದರಿ ಬರೆಯಿಸತಕ್ಕದ್ದು. ಒಂದೇ ಪಾತ್ರವು ಓಡುವಾಗ, ಕೂತಾಗ, ಅತ್ತಾಗ ಅದೇ ಪಾತ್ರವಾಗಿ ಕಾಣುವುದೇ? ಆಲೆಮನೆಯ ಗಾಣ, ಕೊಪ್ಪರಿಗೆಗಳು ನೋಡಿ ಬರೆದಂತಿವೆಯೇ? ಮದ್ದೂರಿನ ಬಳಿಯ ಶಿವಪುರದಲ್ಲಿ 1938ರಲ್ಲಿ ನಡೆದ ಧ್ವಜ ಸತ್ಯಾಗ್ರಹವನ್ನು ಕುರಿತ ಪುಸ್ತಕವೆಂದಿಟ್ಟುಕೊಳ್ಳೋಣ. ಅಂದಿನ ಬಾವುಟದಲ್ಲಿದ್ದುದು ಚರಕ. ಅಶೋಕಚಕ್ರ ಬಂದುದು 1947ರಲ್ಲಿ. ಚಕ್ರ ಬರೆದ ಚಿತ್ರ ಅಚ್ಚಾದರೆ ಶಾಲೆಗಳು ಪುಸ್ತಕವನ್ನು ಹಿಂದಿರುಗಿಸಿಯಾವು.

ಲೆಕ್ಕಾಚಾರ

ಉದಾಹರಣೆಗೆ, 16 ಪುಟದ ಬಣ್ಣದ ಪುಸ್ತಕಕ್ಕೆ ಚಿತ್ರಗಳ ಸಂಭಾವನೆ ರೂ. 30,000, ಮುದ್ರಣ ಪ್ರತಿಗೆ ರೂ. 30; ಮುಖಬೆಲೆ ರೂ. 100, ಮಾರಾಟಗಾರರಿಗೆ ಶೇ. 40 ರಿಯಾಯಿತಿ ಎಂದು ಭಾವಿಸೋಣ. ಪ್ರತಿಯೊಂದಕ್ಕೆ ಕೈಸೇರುವುದು ರೂ. 60. ಸಾವಿರ ಪ್ರತಿಗಳ ವೆಚ್ಚ ರೂ. 60,000, ಎಲ್ಲವೂ ಮಾರಾಟವಾದರೆ ಆದಾಯವೂ ರೂ. 60,000. ಲೇಖಕರ ಪಾಲಿಗಾಗಲಿ ಸಾಗಣೆಗಾಗಲಿ ಚಿಕ್ಕಾಸೂ ಉಳಿಯದು. ಎರಡನೆಯ ಸಾವಿರಕ್ಕೆ ಚಿತ್ರದ ವೆಚ್ಚವಿಲ್ಲವಾದ್ದರಿಂದ ರೂ. 30,000 ಮಿಗುತ್ತದೆ. ಅರ್ಥಾತ್, ಲಾಭ ಹುಟ್ಟುವುದು ಮರುಮುದ್ರಣದಲ್ಲಿ. ಆಗ ಮುಖಬೆಲೆಯ ಶೇ. 5ರಂತೆ ಚಿತ್ರಕಾರರಿಗೆ ರೂ. 5,000 ರಾಯಧನ ಕೊಟ್ಟರೂ ರೂ. 25,000 ಉಳಿಯುವುದು. ಮೊದಲ ಮುದ್ರಣದಲ್ಲಿ ಸಂಭಾವನೆಗಾಗಿ ಚೌಕಾಸಿ ಮಾಡುವುದಕ್ಕಿಂತ ಮರುಮುದ್ರಣದಲ್ಲಿ ಪಾಲು ಕೊಡುವುದು ಇಬ್ಬರಿಗೂ ಹಿತ.

ಕರಾರು

1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ ಕೃತಿಯ ಮೊದಲ ಒಡೆಯ ಅದರ ಕರ್ತೃ. ಆದರೆ ನೌಕರನು ಕೆಲಸದ ಅಂಗವಾಗಿ ರಚಿಸಿದ್ದು, ಹಣ ಕೊಟ್ಟು ಬರೆಯಿಸಿದ ವರ್ಣಚಿತ್ರ ಅಥವಾ ಭಾವಚಿತ್ರ ಇವು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಬರೆಯಿಸಿದವರಿಗೆ ಸೇರುತ್ತವೆ. ಪುಸ್ತಕದ ರೇಖಾಚಿತ್ರ ಇದರೊಳಗೆ ಬರುವುದೋ ಇಲ್ಲವೋ ಎಂಬ ತರ್ಕಕ್ಕೆ ಎಡೆಗೊಡದೆ ಎಲ್ಲವನ್ನೂ ಬರಹದಲ್ಲಿ ಇಡುವುದು ಲೇಸು. ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು, ವರ್ಗಾಯಿಸುವವರ ಸಹಿ ಇದ್ದರೆ ಮಾತ್ರ ಸಿಂಧು. ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದು 19ನೆಯ ಪ್ರಕರಣ ಭಾವಿಸುತ್ತದೆ. ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ 57ನೆಯ ಪ್ರಕರಣದನ್ವಯ ಕಲಾವಿದರಿಗೆ ಉಳಿದಿರುತ್ತದೆ. ಆದುದರಿಂದ ಹೆಸರು ಮುದ್ರಿಸುವುದನ್ನು ಉಪಕಾರವೆಂದು ಬಗೆಯಬಾರದು.

ಕರಾರಿನಲ್ಲಿ ಚಿತ್ರಗಳ ಸಂಖ್ಯೆ, ಗಡುವು, ಕರಡಿನ ಹಂತದಲ್ಲಿ ಎಷ್ಟು ತಿದ್ದುಪಡಿ, ಅನುವಾದ, ಕ್ಯಾಲೆಂಡರ್ ಮುಂತಾದ ಬಳಕೆ, ಮೂಲಚಿತ್ರ ಯಾರ ವಶ, ಇವೆಲ್ಲ ಇರಲಿ. ಹಣವನ್ನು ಕರಾರು, ಕರಡು, ಅಂತಿಮ ಚಿತ್ರ ಎಂಬ ಮೂರು ಹಂತಗಳಲ್ಲಿ ಪಾವತಿಸಬಹುದು.

ತೆರಿಗೆ

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆ ಕಾರಣದಿಂದಲೇ, ನೋಂದಾಯಿತ ಕಲಾವಿದರ ಬಿಲ್ಲಿನಲ್ಲಿ ಬರುವ ತೆರಿಗೆ ಹಿಂದಿರುಗದೆ ವೆಚ್ಚಕ್ಕೆ ಸೇರುತ್ತದೆ. ರಾಯಧನಕ್ಕೆ ಮೂಲದಲ್ಲೇ ಶೇ. 10 ತೆರಿಗೆ ಕಡಿತದ ವಾರ್ಷಿಕ ಮಿತಿಯು 2025ರ ಏಪ್ರಿಲ್ 1ರಿಂದ ರೂ. 30,000ದಿಂದ ರೂ. 50,000ಕ್ಕೆ ಏರಿದೆ. ಹಿಂದಿನ ವರ್ಷ ರೂ. 1 ಕೋಟಿ ಮೀರಿದ ವ್ಯಾಪಾರವಿಲ್ಲದ ಏಕವ್ಯಕ್ತಿ ಪ್ರಕಾಶಕರಿಗೆ ಈ ಹೊಣೆಯಿಲ್ಲ.

ಎರಡು ಪುಟದ ಒಂದು ಕರಾರು ಪತ್ರವಿದ್ದಲ್ಲಿ ಪ್ರಕಾಶಕರ ಬಂಡವಾಳವೂ ಕಲಾವಿದರ ಅನ್ನವೂ ಉಳಿಯುತ್ತವೆ. ಮುಂದಿನ ಪುಸ್ತಕಕ್ಕೆ ಅದೇ ಕಲಾವಿದರು ಸಂತೋಷದಿಂದ ಕುಂಚ ಹಿಡಿದರೆ ಅದೇ ಪ್ರಕಾಶಕರ ನಿಜವಾದ ಆಸ್ತಿ.