ಹಾವುಮೀನು ಉಳಿಸಲು ಬಿಲ್ ಕಟ್ಟುವವರು ಯಾರು? ಐರ್ಲೆಂಡಿನ ಒಂದು ಪಾಠ

ಕಂಪನಿಯ ವಾರ್ಷಿಕ ವರದಿಯಲ್ಲಿ ನಾವು ಲಾಭ, ಸಾಲ, ನಗದು ಹರಿವು ನೋಡುತ್ತೇವೆ. ಪರಿಸರ ಉಳಿಸುವ ಖರ್ಚು ಯಾರ ತಲೆಗೆ ಬಿದ್ದಿದೆ ಎಂದು ಕೇಳುವವರು ಕಡಿಮೆ. ಐರ್ಲೆಂಡಿನ ಈಲ್, ಅಂದರೆ ಹಾವುಮೀನು, ಇದಕ್ಕೆ ಒಳ್ಳೆಯ ಉದಾಹರಣೆ.

ಈ ಮೀನಿನ ಸಂತಾನೋತ್ಪತ್ತಿ ನಡೆಯುವುದು ದೂರದ ಸರ್ಗಾಸೊ ಸಮುದ್ರದಲ್ಲಿ. ಮರಿಗಳು ಅಟ್ಲಾಂಟಿಕ್ ದಾಟಿ ಯುರೋಪಿನ ನದಿಗಳಿಗೆ ಬರುತ್ತವೆ, ಹಲವು ವರ್ಷ ಬೆಳೆದು ಮತ್ತೆ ಅಲ್ಲಿಗೇ ಹೊರಡುತ್ತವೆ. 1980ರ ದಶಕದಿಂದೀಚೆಗೆ ಬರುವ ಮರಿಗಳ ಪ್ರಮಾಣ ಶೇ. 90ಕ್ಕೂ ಹೆಚ್ಚು ಕುಸಿದಿದೆ. ಮೀನುಗಾರಿಕೆ, ಅಣೆಕಟ್ಟು, ಮಾಲಿನ್ಯ, ಪರೋಪಜೀವಿ ಹುಳು ಎಲ್ಲದರ ಪಾಲೂ ಇದರಲ್ಲಿದೆ.

2007ರಲ್ಲಿ ಯುರೋಪಿಯನ್ ಒಕ್ಕೂಟ ನಿಯಮ ತಂದಿತು: ಮಾನವ ಹಸ್ತಕ್ಷೇಪ ಇಲ್ಲದಿದ್ದರೆ ಎಷ್ಟು ತೂಕದ ಬಲಿತ ಹಾವುಮೀನು ಸಮುದ್ರಕ್ಕೆ ಮರಳುತ್ತಿತ್ತೋ, ಅದರ ಕನಿಷ್ಠ ಶೇ. 40ರಷ್ಟಾದರೂ ಮರಳಬೇಕು. ಇನ್ನು ಬಿಲ್ ನೋಡೋಣ.

1. ಮೀನುಗಾರರು: 2009ರಲ್ಲಿ ಐರ್ಲೆಂಡ್ ವಾಣಿಜ್ಯ ಹಾವುಮೀನುಗಾರಿಕೆಯನ್ನೇ ಮುಚ್ಚಿತು. ಅದರಿಂದ ಬರುತ್ತಿದ್ದ ಆದಾಯ ಅಂದೇ ನಿಂತಿತು. ಸರ್ಕಾರದ ಸಹಾಯಧನ ಯೋಜನೆ ಬಂದದ್ದು 2018ರಲ್ಲಿ. ಶೇ. 5ರ ಡಿಸ್ಕೌಂಟ್ ದರದಲ್ಲಿ, ಒಂಬತ್ತು ವರ್ಷ ತಡವಾಗಿ ಬರುವ 100 ಯೂರೋಗೆ ಇಂದಿನ ಮೌಲ್ಯ ಸುಮಾರು 64 ಮಾತ್ರ. ತಡವಾದ ಪರಿಹಾರ ಎಂದರೆ ಕಡಿತಗೊಂಡ ಪರಿಹಾರ.

2. ವಿದ್ಯುತ್ ಕಂಪನಿ: ಶಾನನ್ ನದಿಯ ಆರ್ಡ್ನಕ್ರೂಷಾ ಸ್ಥಾವರ 1929ರಿಂದ ಇದೆ. ಸಮುದ್ರದತ್ತ ಹೊರಟ ಮೀನು ಟರ್ಬೈನಿಗೆ ಸಿಕ್ಕಿ ಸಾಯುತ್ತದೆ. ಹಾಗಾಗಿ ಇಎಸ್‌ಬಿ ಕಂಪನಿ ಮೀನುಗಾರರಿಗೆ ಹಣ ಕೊಟ್ಟು, ಮೇಲ್ಭಾಗದಲ್ಲೇ ಹಿಡಿಸಿ, ವಾಹನದಲ್ಲಿ ಸಾಗಿಸಿ ಅಣೆಕಟ್ಟಿನ ಕೆಳಗೆ ಬಿಡಿಸುತ್ತದೆ. ಶಾನನ್‌ಗೆ ಗುರಿ ಶೇ. 30. ಸ್ಥಾವರ ನಿಲ್ಲಲಿಲ್ಲ, ನಿರ್ವಹಣಾ ವೆಚ್ಚ ಏರಿತು ಅಷ್ಟೇ. ಕಂಪನಿ ಬಹುಪಾಲು ಸರ್ಕಾರದ್ದೇ ಆದ್ದರಿಂದ ಅದು ಕೊನೆಗೆ ಗ್ರಾಹಕ ಮತ್ತು ತೆರಿಗೆದಾರನ ಮೇಲೆ, ಅಂದರೆ ಡಬ್ಲಿನ್‌ನಲ್ಲಿರುವ ನಿಮ್ಮ ಮೇಲೂ, ಹಂಚಿಕೆಯಾಗುತ್ತದೆ.

3. ನೆರೆ ದೇಶಗಳು: ಇಡೀ ಯುರೋಪಿಗೆ ಹಾವುಮೀನಿನ ಸಂತತಿ ಒಂದೇ. ಶಾನನ್‌ನಲ್ಲಿ ಉಳಿದ ಮೀನಿನ ಮರಿ ಫ್ರಾನ್ಸಿನ ನದಿಗೆ ಹೋಗಬಹುದು. ಅಲ್ಲಿ ಮರಿ ಹಿಡಿಯುವ ಉದ್ಯಮ 2009ರ ನಂತರವೂ ಕೋಟಾದಡಿ ಮುಂದುವರಿಯಿತು. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು. ಅರ್ಥಶಾಸ್ತ್ರದ ಫ್ರೀ ರೈಡರ್ ಸಮಸ್ಯೆ ಇದೇ.

ಹೂಡಿಕೆದಾರರು ಇಲ್ಲಿ ಕಲಿಯಬೇಕಾದ್ದು: ಹಸಿರು ಯೋಜನೆ ಎಂದ ಕೂಡಲೇ ಮೂರು ಪ್ರಶ್ನೆ ಕೇಳಿ. ಹಾನಿ ಮಾಡಿದವರು ಯಾರು? ಖರ್ಚು ಹೊತ್ತವರು ಯಾರು? ಲಾಭ ಯಾರಿಗೆ, ಯಾವಾಗ? ಮೂರಕ್ಕೂ ಬೇರೆ ಬೇರೆ ಹೆಸರು ಬಂದರೆ ಆ ವ್ಯವಸ್ಥೆ ಬಹಳ ದಿನ ಹಾಗೇ ಉಳಿಯುವುದು ಕಷ್ಟ. ಒಂದು ದಿನ ಬಿಲ್ ಮತ್ತೆ ಹಂಚಿಕೆಯಾಗುತ್ತದೆ. ಆಗ ನಿಮ್ಮ ಷೇರಿನ ಪಾಲಿಗೆ ಎಷ್ಟು ಬರುತ್ತದೆ ಎಂದು ಇಂದೇ ಲೆಕ್ಕ ಹಾಕಿ.